ಅತ್ತೆಯ ತಟ್ಟೆ, ಕೋಳಿಯ ತಟ್ಟೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಹದೇವಪುರದ ಕಡೆ ಒಂದು ಸರ್ಕಾರಿ ಕಾರ್ಖಾನೆಯ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಶಿಯನ್ ಆಗಿದ್ದೆ. ರಕ್ತ, ಮೂತ್ರ, ಕಫಗಳ ನಡುವೆ ದಿನ ಕಳೆಯುವ ಕೆಲಸ. ಮನೆಯಲ್ಲಿ ಅದರ ಮಾತೆತ್ತಿದರೆ, "ಊಟದ ಹೊತ್ತಲ್ಲಿ ಬೇಡ ಮಾರಾಯ್ತಿ" ಅನ್ನುತ್ತಿದ್ದರು. ನನಗೆ ಮಾತ್ರ ಬೆಳಿಗ್ಗೆ ಹೋಗಿ ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆಗೆಯುವುದೆಂದರೆ ಹಬ್ಬ.

ರೋಗಿಯ ಮೂತ್ರದಲ್ಲಿದ್ದ ಬ್ಯಾಕ್ಟೀರಿಯಾವನ್ನು ಹಿಂದಿನ ದಿನವೇ ಗಾಜಿನ ತಟ್ಟೆಯಲ್ಲಿ, ಹೆಪ್ಪುಗಟ್ಟಿದ ಗಂಜಿಯಂಥ ಆಹಾರದ ಮೇಲೆ ಸವರಿಟ್ಟಿರುತ್ತಿದ್ದೆ. ಅದರ ಮೇಲೆ ಪುಟ್ಟ ಕಾಗದದ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಔಷಧಿ. ಬೆಳಗಾಗುವಷ್ಟರಲ್ಲಿ ತಟ್ಟೆ ತುಂಬ ಮಂಜು ಕವಿದ ಹಾಗೆ ಬ್ಯಾಕ್ಟೀರಿಯಾ ಹರಡಿರುತ್ತಿತ್ತು. ಬಿಲ್ಲೆಗಳ ಸುತ್ತ ಮಾತ್ರ ಎಳೆಮಗುವಿನ ಬಳೆಯಂತೆ ದುಂಡಗೆ, ಏನೂ ಬೆಳೆಯದ ತಿಳಿ ಜಾಗ. ಅಲ್ಲಿ ಔಷಧಿ ಗೆದ್ದಿತ್ತು ಅಂತ ಅರ್ಥ. ಯಾವ ಬಳೆ ದೊಡ್ಡದೋ ಆ ಔಷಧಿಯನ್ನು ಡಾಕ್ಟರು ಬರೆಯುತ್ತಿದ್ದರು.

ನನ್ನ ಸೋದರತ್ತೆ ವರ್ತೂರಿನಲ್ಲಿದ್ದಳು. ಮಾವ ನಮ್ಮ ಕಾರ್ಖಾನೆಯಲ್ಲೇ ಫಿಟ್ಟರ್. ಅತ್ತೆ ರಾಗಿ ಹೊಲದ ಒಂದು ಮಗ್ಗುಲಿಗೆ ಶೆಡ್ ಹಾಕಿಸಿ ಕೋಳಿ ಸಾಕುತ್ತಿದ್ದಳು. ಮರಿಗಳ ಕುಡಿಯುವ ನೀರಿಗೆ ದಿನವೂ ಒಂದು ಹಳದಿ ಪುಡಿ ಕಲಸುತ್ತಿದ್ದಳು. ಮನುಷ್ಯರಿಗೂ ಕೊಡುವ ಆಂಟಿಬಯಾಟಿಕ್ ಅದು. "ಜಡ್ಡು ಬರೋಕ್ ಮುಂಚೇನೇ ಕೊಟ್ಬುಟ್ರೆ ಚಿಂತೆ ಇಲ್ಲ ಕಣವ್ವ" ಅನ್ನುತ್ತಿದ್ದಳು. ನನಗೂ ಅದು ಜಾಣತನವೆಂದೇ ಕಂಡಿತ್ತು.

ಒಂದು ಬೇಸಿಗೆಯಲ್ಲಿ ಅವಳಿಗೆ ಜ್ವರ ಹಿಡಿಯಿತು. ಮೈ ನಡುಕ, ಬೆನ್ನು ನೋವು. ಮೂತ್ರ ಉರಿಯುತ್ತದೆಂಬುದನ್ನು ನನ್ನ ಕಿವಿಯಲ್ಲಷ್ಟೇ ಹೇಳಿದಳು. ನಮ್ಮ ಡಾಕ್ಟರಮ್ಮ ಕೊಟ್ಟ ಮಾತ್ರೆಗೆ ಜ್ವರ ಜಗ್ಗಲಿಲ್ಲ. ಬದಲಿಸಿ ಕೊಟ್ಟ ಕ್ಯಾಪ್ಸೂಲಿಗೂ ಜಗ್ಗಲಿಲ್ಲ. ಹೊಲದ ಬದುವಿನ ಮೇಲೆ ಓಡಾಡುತ್ತಿದ್ದ ಹೆಂಗಸು ವಾರ್ಡಿನ ಮಂಚದಲ್ಲಿ ಮುದುಡಿಕೊಂಡು ಮಲಗಿದಳು. ಮಾವ ಶಿಫ್ಟ್ ಮುಗಿಸಿ ಬಂದು ಅವಳ ಕಾಲು ಒತ್ತುತ್ತ ಕೂರುತ್ತಿದ್ದ.

ಅವಳ ಮೂತ್ರದ ತಟ್ಟೆಯನ್ನು ಹೊರಗೆ ತೆಗೆದ ಬೆಳಿಗ್ಗೆ ನಾನು ಬಿಲ್ಲೆಗಳನ್ನು ಇಡುವುದನ್ನೇ ಮರೆತೆನೋ ಅಂದುಕೊಂಡೆ. ಇಟ್ಟಿದ್ದೆ. ಮಂಜು ಬಿಲ್ಲೆಗಳ ಅಂಚಿನವರೆಗೂ ಬೆಳೆದು ಮುಚ್ಚಿಬಿಟ್ಟಿತ್ತು. ಆ ಹಳದಿ ಪುಡಿಯ ಔಷಧಿಯೇ ಇದ್ದ ಬಿಲ್ಲೆಯ ಮೇಲಂತೂ ಹುಲ್ಲು ಹತ್ತಿದ ಹಾಗೆ ಹತ್ತಿತ್ತು. ಒಂದೇ ಒಂದು ಬಿಲ್ಲೆಯ ಸುತ್ತ ಬಳೆ ಉಳಿದಿತ್ತು. ಭಯವಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ದೊಡ್ಡದೇನೋ ಎದುರು ನಿಂತಾಗ ಬಾಯಿ ಕಟ್ಟುತ್ತದಲ್ಲ, ಹಾಗಾಯಿತು.

ಡಾಕ್ಟರಮ್ಮ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸದ್ಯ, ಒಂದಾದ್ರೂ ಉಳಿದಿದೆಯಲ್ಲ" ಅಂದರು. ಉಳಿದ ಆ ಔಷಧಿಯನ್ನು ಇಂಜೆಕ್ಷನ್ ಆಗಿ ಕೊಟ್ಟರು. ಜ್ವರ ಇಳಿಯಿತು. ಅತ್ತೆ ಎದ್ದು ಕೂತು ಮುದ್ದೆ ಬೇಕೆಂದಳು.

ಅವಳು ಮನೆ ಸೇರಿದ ಮೇಲೆ ಡಾಕ್ಟರಮ್ಮ ನನ್ನನ್ನು ಕೇಳಿದರು: "ನಿಮ್ಮತ್ತೆ ಆ ಪುಡಿ ಹಾಕಿ ಕೋಳಿ ಸಾಕ್ತಾರೆ ಅಂದ್ರಲ್ಲ, ಆ ಕೋಳಿಗಳದ್ದೂ ಹೀಗೇ ತಟ್ಟೇಲಿ ಬೆಳೆಸಿ ಒಂದು ಕಲ್ಚರ್ ಮಾಡಿ ನೋಡೋಣ್ವಾ?"

ಭಾನುವಾರ ಬಸ್ಸು ಹತ್ತಿ ವರ್ತೂರಿಗೆ ಹೋದೆ. ಹತ್ತಿ ಸುತ್ತಿದ ಕಡ್ಡಿಯಿಂದ ನಾನು ಹಿಕ್ಕೆ ಎತ್ತಿಕೊಳ್ಳುವುದನ್ನು ನೋಡಿ ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕಳು. "ಕೋಳಿ ಇಕ್ಕೆ ಎತ್ಕಂಡೋಗಕ್ಕಾ ನಮ್ಮಣ್ಣ ನಿನ್ನ ಅಷ್ಟು ಓದ್ಸಿದ್ದು?"

ಫ್ರಿಜ್ಜಿನಲ್ಲಿಟ್ಟಿದ್ದ ಅತ್ತೆಯ ತಟ್ಟೆಯ ಪಕ್ಕ, ಹಿಕ್ಕೆಯಿಂದ ಬೆಳೆಸಿದ ಕೋಳಿಯ ತಟ್ಟೆಯನ್ನಿಟ್ಟೆ. ಯಾವುದು ಯಾರದೆಂದು ಚೀಟಿ ನೋಡದೆ ಹೇಳಲಾಗುತ್ತಿರಲಿಲ್ಲ. ಅಲ್ಲೂ ಅದೇ ಒಂದು ಬಳೆ.

"ಕೋಳಿಯಿಂದಲೇ ಬಂತು ಅಂತ ಇಷ್ಟರಿಂದ ಹೇಳೋಕಾಗಲ್ಲ," ಡಾಕ್ಟರಮ್ಮ ಎಚ್ಚರಿಕೆಯಿಂದ ಹೇಳಿದರು. "ಆದ್ರೆ ಬರೋ ದಾರಿ ಇದೆ. ಪುಡಿಗೆ ಸಾಯೋವು ಸಾಯ್ತವೆ. ಸಾಯದೇ ಇರೋ ಒಂದೆರಡಕ್ಕೆ ಜಾಗವೆಲ್ಲ ಸಿಗುತ್ತೆ. ಇನ್ನೂ ಒಂದಿದೆ. ಸಾಯದೇ ಉಳಿಯೋ ಆ ಗುಟ್ಟನ್ನ ಒಂದು ಬ್ಯಾಕ್ಟೀರಿಯಾ ಪಕ್ಕದ್ದಕ್ಕೂ ದಾಟಿಸಿಬಿಡುತ್ತೆ."

ಬಾಯಿಲ್ಲ, ಕೈಯಿಲ್ಲ, ಕಣ್ಣಿಗೂ ಕಾಣದು. ಆದರೂ ಒಂದು ಇನ್ನೊಂದಕ್ಕೆ ಬದುಕುವ ಗುಟ್ಟು ದಾಟಿಸುತ್ತದೆ! ಆ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಎಲ್ಲರೂ ಹಿಡಿದ ಕಂಬಿಯನ್ನು ನಾನೂ ಹಿಡಿದು, ನನ್ನ ಕೈಯನ್ನೇ ನೋಡುತ್ತ ನಿಂತಿದ್ದೆ.

ಅತ್ತೆಯನ್ನು ಲ್ಯಾಬಿಗೆ ಕರೆಸಿದೆ. ಎರಡೂ ತಟ್ಟೆ ತೋರಿಸಿ, ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಒಂದು ಕಣ್ಣು ಮುಚ್ಚಲು ಅವಳಿಗೆ ಬರುತ್ತಿರಲಿಲ್ಲ; ನಾನೇ ಅಂಗೈ ಅಡ್ಡ ಹಿಡಿದೆ. ಬಣ್ಣ ಹಾಕಿದ ಬ್ಯಾಕ್ಟೀರಿಯಾಗಳು ಪುಟ್ಟ ಗುಲಾಬಿ ಕಡ್ಡಿಗಳಾಗಿ, ಅಕ್ಕಿ ನುಚ್ಚು ಚೆಲ್ಲಿದಂತೆ ಕಂಡವು.

"ಇವೇನಾ?"

"ಇವೇ ಅತ್ತೆ."

ಬಹಳ ಹೊತ್ತು ನೋಡಿದಳು. "ಇಷ್ಟು ಸಣ್ಣುಕ್ಕೆ ಇಷ್ಟೊಂದು ಶಕ್ತಿ ಕೊಟ್ಟವ್ನಲ್ಲಪ್ಪ ಸಿವ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನಾನೇ ಇವನ್ನ ಸಾಕ್ದೆ ಅಂತೀಯಾ?" ಅಂತ ಕೇಳಿದಳು.

"ನಿನಗಿದನ್ನ ಯಾರೂ ಹೇಳಿರಲಿಲ್ಲವಲ್ಲ ಅತ್ತೆ. ನಮಗೇ ಗೊತ್ತಿರಲಿಲ್ಲ."

ಆರೋಗ್ಯವಾಗಿರುವ ಮರಿಗಳಿಗೆ ಪುಡಿ ಕೊಡುವುದನ್ನು ನಿಲ್ಲಿಸಿದಳು. ಶೆಡ್ಡಿನ ನೆಲದ ಹಳೆಯ ಹೊಟ್ಟಿನ ಹಾಸು ತೆಗೆದು ಸುಣ್ಣ ಬಳಿಸಿದಳು, ಗಾಳಿ ಆಡಲು ಜಾಲರಿ ಹಾಕಿಸಿದಳು. ಶೆಡ್ಡಿಂದ ಹೊರಬಂದರೆ ಸೋಪು ಹಚ್ಚಿ ಕೈ ತೊಳೆಯದೆ ಒಲೆಯ ಹತ್ತಿರ ಯಾರನ್ನೂ ಬಿಡಲಿಲ್ಲ. ಆದರೂ ಮುಂದಿನ ಬ್ಯಾಚಿನಲ್ಲಿ ಮರಿಗಳು ಹೆಚ್ಚೇ ಸತ್ತವು. "ನಿನ್ನ ಮಾತು ಕೇಳಿ ಕೆಟ್ಟೆ" ಅಂತ ನನ್ನ ಮೇಲೆ ರೇಗಿದಳು. ಅದರ ಮುಂದಿನ ಬ್ಯಾಚು ಚೆನ್ನಾಗಿ ಎದ್ದಿತು. ಅತ್ತೆ ಮಾವನ ಕೈಲಿ ಒಂದು ಹುಂಜ ಕಳಿಸಿದಳು.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಹೇಳದೆ ಕೇಳದೆ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತಳು. ಹಿಂದೆ ಇನ್ನೊಬ್ಬ ಹೆಂಗಸು, ಪಕ್ಕದ ಕೋಳಿ ಶೆಡ್ಡಿನ ಒಡತಿ, ಮುಖ ಬಿಗಿದುಕೊಂಡಿದ್ದಳು.

"ನಾನ್ ಯೋಳಿದ್ರೆ ನಂಬಾಕಿಲ್ಲ ಇವ್ಳು. ನೀನೇ ತೋರ್ಸವ್ವ," ಅಂದಳು ಅತ್ತೆ. ಆಮೇಲೆ ತಾನೇ ಸ್ಟೂಲು ಎಳೆದು ಆಕೆಯನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ಅಂಗೈ ಚಾಚಿ ಆಕೆಯ ಎಡಗಣ್ಣು ಮುಚ್ಚಿದಳು.