ಕುಕ್ಕಪ್ಪಣ್ಣನ ಹೆದರಿಕೆ

ನಮ್ಮ ಕಾಲೇಜಿನ ಎಲೆಕ್ಟ್ರಿಷಿಯನ್ ಕುಕ್ಕಪ್ಪ ಗೌಡರಿಗೆ ಕರೆಂಟೆಂದರೆ ಹೆದರಿಕೆ. ಹೇಳಿದರೆ ನೀವು ನಗುತ್ತೀರಿ, ನಾನೂ ನಕ್ಕಿದ್ದೇನೆ. ಸಂಪಾಜೆ ಕಡೆಯ ಎಸ್ಟೇಟೊಂದರಲ್ಲಿ ಅವರಿಗೆ ಕೆಲಸ ಕಲಿಸಿದವರು ತಿರುಮಲೇಶ್ವರ ಎಂಬವರು. ಒಂದು ದಿನ ಅವರು ಮೋಟಾರು ಬಿಚ್ಚಿ ಕೂತಿದ್ದಾಗ ಯಾರೋ ಗೊತ್ತಿಲ್ಲದೆ ಸ್ವಿಚ್ಚು ಹಾಕಿದರಂತೆ. ಪಕ್ಕದಲ್ಲಿ ಸ್ಪ್ಯಾನರು ಹಿಡಿದು ನಿಂತಿದ್ದ ಕುಕ್ಕಪ್ಪಣ್ಣನಿಗೆ ಆಗ ಇಪ್ಪತ್ತು ವರ್ಷ. ಅದರ ಮುಂದಿನದನ್ನು ಅವರು ಯಾರಿಗೂ ಹೇಳಿಲ್ಲ. ಅಂದಿನಿಂದ ಮೋಟಾರಿಗೆ ಕೈ ಹಾಕುವ ಮೊದಲು ಮೂರೂ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕೆಲಸದ ನಡುವೆ ನಾಲ್ಕೈದು ಸಲ ಜೇಬು ಮುಟ್ಟಿ ನೋಡುತ್ತಿದ್ದರು. ನಮ್ಮಲ್ಲಿ ಇಪ್ಪತ್ತಾರು ವರ್ಷ ಹೀಗೆಯೇ ಕೆಲಸ ಮಾಡಿದರು, ಮೈಗೆ ಒಂದು ಗೀರೂ ಆಗಲಿಲ್ಲ.

ಆ ಹೆದರಿಕೆಯನ್ನು ಬಿಡಿಸಿದ ಪುಣ್ಯಾತ್ಗಿತ್ತಿ ನಾನು. ಊರ್ಮಿಳಾ ರೈ, ಅದೇ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು, ಮನೆ ದರ್ಬೆಯಲ್ಲಿ.

ಎರಡು ವರ್ಷದ ಹಿಂದೆ ಕಾಲೇಜಿನ ಕರೆಂಟು ಉಳಿಸುವ ಯೋಜನೆ ನನ್ನ ತಲೆಗೆ ಹತ್ತಿತು. ಐದು ಕಟ್ಟಡ, ಎರಡು ಹಾಸ್ಟೆಲು, ಎಲ್ಲ ಕಡೆ ಸೇರಿ ನೂರ ನಲವತ್ತು ಸೆನ್ಸರು. ವಯರಿಲ್ಲದೆ ಒಂದರಿಂದ ಒಂದಕ್ಕೆ ಸುದ್ದಿ ದಾಟಿಸುವ ಪುಟ್ಟ ಡಬ್ಬಿಗಳು ಅವು, ಮುಂದೆ ಬಿಳಿಯ ಗುಬುಟು. ಕೋಣೆಯಲ್ಲಿ ಮನುಷ್ಯರಿದ್ದಾರೋ ಇಲ್ಲವೋ ನೋಡಿ ಫ್ಯಾನು, ದೀಪ ಆರಿಸುವುದು ಅವುಗಳ ಕೆಲಸ. ಯಾವ ಕೋಣೆಯಲ್ಲಿ ಜನ ಉಂಟು, ಯಾವುದು ಖಾಲಿ, ಎಲ್ಲವೂ ನನ್ನ ಫೋನಿನ ನಕ್ಷೆಯಲ್ಲಿ ಕಾಣುತ್ತಿತ್ತು. ಜನರಿದ್ದರೆ ಹಸಿರು, ಇಲ್ಲದಿದ್ದರೆ ಬೂದು. ನೂರ ನಲವತ್ತನ್ನೂ ಏಣಿ ಹತ್ತಿ ಕೂರಿಸಿದವರು ಕುಕ್ಕಪ್ಪಣ್ಣನೇ. ಅವರು ಅದಕ್ಕೆ ಸೆನ್ಸರು ಎನ್ನುತ್ತಿರಲಿಲ್ಲ, ಕಣ್ಣು ಎನ್ನುತ್ತಿದ್ದರು.

"ಇದಕ್ಕೆ ನಾನು ನಿಜವಾಗಿ ಕಾಣುದಾ ಮೇಡಂ?" ಎಂದು ದಿನಾ ಕೇಳುತ್ತಿದ್ದರು.

ಕೊನೆಗೆ ಅವರನ್ನು ಪಂಪ್ ಹೌಸಿಗೆ ಕರೆದುಕೊಂಡು ಹೋದೆ. ಅದು ಇರುವುದು ರಬ್ಬರು ತೋಟದ ಆಚೆ, ಹರಿಯುವ ತೋಡಿನ ಬದಿಯಲ್ಲಿ, ಗೇಟಿನಿಂದ ಮುಕ್ಕಾಲು ಕಿಲೋಮೀಟರು ಕೆಳಗೆ. ಟ್ಯಾಂಕಿನ ನೀರು ನೂರರಲ್ಲಿ ಮೂವತ್ತಕ್ಕೆ ಇಳಿದರೆ ಮೋಟಾರು ತನ್ನಷ್ಟಕ್ಕೆ ಚಾಲೂ ಆಗುವ ಹಾಗೆ ಮಾಡಿದ್ದೆ. ಪಂಪ್ ಹೌಸಿನ ಕಣ್ಣಿಗೆ ಮನುಷ್ಯರು ಕಂಡರೆ ಮಾತ್ರ ಚಾಲೂ ಆಗುತ್ತಿರಲಿಲ್ಲ. ಅವರನ್ನು ಮೋಟಾರಿನ ಹತ್ತಿರ ನಿಲ್ಲಿಸಿ, ಗೋಡೆಯ ಕಂಟ್ರೋಲು ಪೆಟ್ಟಿಗೆಯಲ್ಲಿ ಮೂವತ್ತರ ಗುರುತನ್ನು ಎಂಬತ್ತಕ್ಕೆ ಏರಿಸಿ ತೋರಿಸಿದೆ. ಮೋಟಾರು ಮಿಸುಕಲಿಲ್ಲ. ಹೊರಗೆ ಹೋಗಿ ನಿಂತರು, ಐದು ನಿಮಿಷಕ್ಕೆ ಗುಂಯ್ ಎಂದಿತು. ಮೂರು ಸಲ ಒಳಗೆ ಹೊರಗೆ ಮಾಡಿ ನೋಡಿದರು. ನಾನು ಆ ಗಮ್ಮತ್ತಿನಲ್ಲಿ, "ಇನ್ನು ಆ ಫ್ಯೂಸು ಕೀಳುವ ರಗಳೆ ಯಾಕೆ ಕುಕ್ಕಪ್ಪಣ್ಣ? ನೀವಿರುವಾಗ ಅದು ತಿರುಗುದೇ ಇಲ್ಲ" ಎಂದುಬಿಟ್ಟೆ. ಯಾವ ಎಂಜಿನಿಯರೂ ಹೇಳಬಾರದ ಮಾತು ಅದು. ಹೇಳಿದೆ, ಮರೆತೂಬಿಟ್ಟೆ.

ಕಳೆದ ವರ್ಷ ವಿಜಯದಶಮಿಯ ದಿನ. ಕಾಲೇಜಿಗೆ ರಜೆ. ಮಧ್ಯಾಹ್ನ ಒಂದೂವರೆಗೆ ಕುಕ್ಕಪ್ಪಣ್ಣನ ಹೆಂಡತಿ ಕುಮುದಿನಿಯಕ್ಕನ ಫೋನು ಬಂತು.

"ಮೇಡಂ, ಇವ್ರು ನಿಮಗೆ ಫೋನು ಮಾಡಿದ್ರಾ? ಪೂಜೆಗೆ ಇಟ್ಟ ಸಾಮಾನು ತೆಗೆದು ಮೊದಲ ಕೆಲಸ ಮಾಡಿ ಬರ್ತೇನೆ ಅಂತ ಹೋದವರು. ಪಂಪಿನಲ್ಲಿ ನೀರು ಸೋರ್ತದಂತೆ. ಹನ್ನೆರಡಕ್ಕೆ ಬರ್ತೇನೆ ಅಂದಿದ್ರು. ಊಟಕ್ಕೆ ಕಾದು ಕಾದು ಸಾಕಾಯ್ತು."

ಆಯುಧ ಪೂಜೆಯ ದಿನ ಮುಟ್ಟದೆ ಇಟ್ಟ ಉಪಕರಣವನ್ನು ದಶಮಿಯ ದಿನ ಎತ್ತಿ ಒಂದಿಷ್ಟಾದರೂ ಕೆಲಸ ಮಾಡಬೇಕು. ಕುಕ್ಕಪ್ಪಣ್ಣ ಅದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಪಂಪ್ ಹೌಸಿನಲ್ಲಿ ಫೋನಿಗೆ ರೇಂಜಿಲ್ಲ. "ಅಲ್ಲೇ ಇರ್ತಾರೆ ಅಕ್ಕ, ನೋಡಿ ಹೇಳ್ತೇನೆ" ಎಂದು ನಕ್ಷೆ ತೆರೆದೆ.

ಪಂಪ್ ಹೌಸು ಬೂದು. ಹೊರಟಿರಬೇಕು ಎಂದುಕೊಂಡೆ. ಆದರೆ ಇಡೀ ಕ್ಯಾಂಪಸ್ಸೇ ಬೂದಾಗಿತ್ತು. ಊರಿಗೆ ಹೋಗದೆ ಹನ್ನೆರಡು ಹುಡುಗಿಯರು ಉಳಿದಿದ್ದ ಹಾಸ್ಟೆಲು ಕೂಡ. ಗೇಟಿನ ಕಾವಲುಗಾರ ಪೋಕರ್ ಕಾಕನಿಗೆ ಫೋನು ಮಾಡಿದೆ.

"ಕಾಕ, ಎಲ್ಲಿದ್ದೀರಿ?"

"ಇಲ್ಲೇ ಗೇಟಿನ ರೂಮಿನಲ್ಲಿ. ಎಂತ ಮೇಡಂ?"

ನಕ್ಷೆಯಲ್ಲಿ ಗೇಟಿನ ಕೋಣೆಯೂ ಖಾಲಿ.

"ಮೇಲೆ ಗೋಡೆಯಲ್ಲಿ ಬಿಳಿ ಡಬ್ಬಿ ಉಂಟಲ್ಲ, ಅದಕ್ಕೆ ಎಂತ ಆಗಿದೆ ನೋಡಿ."

"ಎಂತ ಆಗಿಲ್ಲ. ಗಂಧ ಹಚ್ಚಿದ್ದಾರೆ ಅಷ್ಟೆ. ಫ್ಯಾನು ಮಾತ್ರ ನಿನ್ನೆಯಿಂದ ತಿರುಗುದಿಲ್ಲ, ರಜೆ ಮುಗಿದ ಮೇಲೆ ಹೇಳುವ ಅಂತ ಇದ್ದೆ. ನಿನ್ನೆ ಕುಕ್ಕಪ್ಪಣ್ಣ ಬಟ್ಟಲು ಹಿಡ್ಕೊಂಡು ಎಲ್ಲದಕ್ಕೂ ಹಚ್ಚಿದ್ದು ಮಾರಾಯ್ರೆ. ಒಂದನ್ನೂ ಬಿಡಲಿಲ್ಲ."

ನೂರ ನಲವತ್ತು ಕಣ್ಣಿಗೂ ಹೆಬ್ಬೆರಳಿನಗಲ ದಪ್ಪ ಗಂಧ. ಅದು ಒಣಗಿ ಕೂತರೆ ಮನುಷ್ಯರ ಮೈಶಾಖ ಒಳಗೆ ಹೋಗುವುದಿಲ್ಲ. ಮೋಟಾರಿನ ಪಾಲಿಗೆ ಪಂಪ್ ಹೌಸಿನಲ್ಲಿ ಯಾರೂ ಇಲ್ಲ.

"ಕುಕ್ಕಪ್ಪಣ್ಣ ಹೊರಗೆ ಬಂದ್ರಾ?"

"ಇಲ್ಲ. ಹತ್ತೂವರೆಗೆ ಬ್ಯಾಗು ಹಿಡ್ಕೊಂಡು ಕೆಳಗೆ ಹೋದವರು, ಬರಲಿಲ್ಲ."

ಫೋನಿನಲ್ಲಿ ಟ್ಯಾಂಕಿನ ನೀರು ಮೂವತ್ತಾರು ತೋರಿಸುತ್ತಿತ್ತು. ನೋಡುತ್ತಿದ್ದ ಹಾಗೆ ಮೂವತ್ತೈದಾಯಿತು.

ಫ್ಯೂಸು ಕಿತ್ತಿರುತ್ತಾರೆ ಎಂದು ಮನಸ್ಸು ಹೇಳಿತು. ಅದರ ಬೆನ್ನಿಗೇ ನಾನು ಆಡಿದ ಮಾತು ನೆನಪಾಯಿತು. ಹೆದರಿಕೆ ಎಂದರೆ ಏನೆಂದು ನನಗೆ ಗೊತ್ತಾದದ್ದು ಆಗ.

ಫೋನಿನಿಂದ ಮೋಟಾರು ನಿಲ್ಲಿಸುವ ಹಾಗಿರಲಿಲ್ಲ. ಹುಡುಗರು ಕಿತಾಪತಿ ಮಾಡಿಯಾರು ಎಂದು ಫೋನಿನಲ್ಲಿ ಬರೀ ನೋಡುವ ಹಾಗೆ ಇಟ್ಟಿದ್ದೆ, ದೂರದಿಂದ ಆಜ್ಞೆ ಕೊಡುವುದು ಲ್ಯಾಬಿನ ಕಂಪ್ಯೂಟರಿನಿಂದ ಮಾತ್ರ, ಲ್ಯಾಬಿಗೆ ರಜೆಯ ಬೀಗ. ಮೇನ್ ಸ್ವಿಚ್ಚಿನ ಕೋಣೆಗೂ ಬೀಗ, ಅದರ ಕೀ ಕುಕ್ಕಪ್ಪಣ್ಣನ ಸೊಂಟದಲ್ಲಿ. ಇಷ್ಟು ಬುದ್ಧಿವಂತಿಕೆಯಿಂದ ಎಲ್ಲವನ್ನೂ ಮಾಡಿಟ್ಟವಳು ನಾನೇ.

"ಕಾಕ, ಓಡಿ. ಮೋಟಾರಿನಿಂದ ಕೈ ತೆಗೀಲಿಕ್ಕೆ ಹೇಳಿ, ಈಗಲೇ."

"ಓಡುದಾ? ನನ್ನ ಮೊಣಗಂಟು..." ಎಂದವರು ನನ್ನ ಸ್ವರ ಕೇಳಿ ಅಲ್ಲಿಗೇ ನಿಲ್ಲಿಸಿದರು. "ಆಯ್ತು, ಹೋಗ್ತೇನೆ."

ಸ್ಕೂಟರಿನ ಹತ್ತಿರ ಹೋದರೆ ಅದರ ಹೆಡ್‌ಲೈಟಿಗೆ ನಾನೇ ಹಿಂದಿನ ದಿನ ಹಚ್ಚಿದ ಗಂಧ, ಮೇಲೊಂದು ಕುಂಕುಮದ ಬೊಟ್ಟು. ಕುಕ್ಕಪ್ಪಣ್ಣನನ್ನು ಬೈಯಲು ನನಗೆ ಮುಖವಿರಲಿಲ್ಲ.

ಆರು ಕಿಲೋಮೀಟರು ದಾರಿ. ಮೂವತ್ತನಾಲ್ಕು. ಮೋಟಾರನ್ನು ತಡೆಯಲು ಆಗದಿದ್ದರೆ ನೀರನ್ನಾದರೂ ತಡೆಯಬೇಕು ಎಂದು ಆಗ ಹೊಳೆಯಿತು. ನೀರು ಖರ್ಚಾಗದಿದ್ದರೆ ಟ್ಯಾಂಕು ಇಳಿಯುವುದಿಲ್ಲ. ಹಾಸ್ಟೆಲಿನಲ್ಲಿದ್ದ ನನ್ನ ವಿದ್ಯಾರ್ಥಿನಿ ಗಾನಶ್ರೀಗೆ ಫೋನು ಮಾಡಿದೆ.

"ಗಾನಶ್ರೀ, ಎಲ್ಲಾ ನಲ್ಲಿ ಬಂದ್ ಮಾಡ್ಸು. ಸ್ನಾನ, ಪಾತ್ರೆ, ಬಟ್ಟೆ ಎಂತದೂ ಬೇಡ."

"ವಾಷಿಂಗ್ ಮೆಷಿನ್ ಎರಡು ತಿರುಗ್ತಾ ಉಂಟು ಮೇಡಂ."

"ಪ್ಲಗ್ ಎಳಿ. ನೀರಿನ ಪೈಪು ತಿರುಗಿಸಿ ಮುಚ್ಚು."

"ಸುಪ್ರಿತಾ ತಲೆಗೆ ಶಾಂಪೂ ಹಾಕಿದ್ದಾಳೆ, ಕಣ್ಣು ಬಿಡ್ಲಿಕ್ಕೆ ಆಗುದಿಲ್ಲ ಅಂತ ಬೊಬ್ಬೆ ಹಾಕ್ತಿದ್ದಾಳೆ."

"ಹಾಗೇ ಕೂರ್ಲಿ! ಕೆಳಗೆ ಕುಕ್ಕಪ್ಪಣ್ಣನ ಕೈ ಮೋಟಾರಿನೊಳಗೆ ಉಂಟು."

ಬಾಗಿಲು ಬಡಿಯುವ ಸದ್ದು, ಮೆಟ್ಟಿಲು ಓಡುವ ಸದ್ದು ಕೇಳಿಸಿತು, ಆಮೇಲೆ ಫೋನು ಕಟ್ಟಾಯಿತು.

ದಾರಿಯ ತುಂಬ ಹೂವಿನ ಮಾಲೆ ಹಾಕಿದ ಜೀಪು, ರಿಕ್ಷಾ, ಲಾರಿ. ಹಾರ್ನು ಹೊಡೆಯುತ್ತಾ, ಸಿಕ್ಕಿದವರಿಗೆಲ್ಲ ಬೈಯುತ್ತಾ ಹೋದೆ. ಎರಡು ಕಡೆ ನಿಲ್ಲಿಸಿ ಫೋನು ನೋಡಿದೆ. ಮೊದಲ ಸಲ ಮೂವತ್ತೆರಡು, ಎರಡನೇ ಸಲ ಮೂವತ್ತೊಂದು. ಇನ್ನೊಂದು ಇಳಿದರೆ ಮುಗಿಯಿತು. ಅಳು ಬರುತ್ತಿತ್ತು, ಅಳಲು ಪುರುಸೊತ್ತಿರಲಿಲ್ಲ. ಕಾಲೇಜಿನ ಗೇಟು ದಾಟುವಾಗಲೂ ಮೂವತ್ತೊಂದರಲ್ಲೇ ನಿಂತಿತ್ತು.

ರಬ್ಬರು ತೋಟದ ಅರ್ಧದಲ್ಲಿ ಪೋಕರ್ ಕಾಕ ಸಿಕ್ಕಿದರು. ಮರ ಹಿಡಿದು ಬಗ್ಗಿ ನಿಂತಿದ್ದರು, ಮಾತಾಡಲಾಗದೆ ಕೈಯಲ್ಲೇ ಮುಂದೆ ಹೋಗಿ ಎಂದರು. ಸ್ಕೂಟರು ಎಸೆದು ಕೊನೆಯ ಮೆಟ್ಟಿಲುಗಳನ್ನು ಇಳಿದೆ. "ಕುಕ್ಕಪ್ಪಣ್ಣ" ಎಂದು ಕಿರುಚಿದರೂ ತೋಡಿನ ನೀರಿನ ಸದ್ದಿಗೆ ನನಗೇ ಕೇಳಿಸಲಿಲ್ಲ.

ಅವರು ಕುಕ್ಕರಗಾಲಿನಲ್ಲಿ ಕೂತು, ಪಂಪಿಗೂ ಮೋಟಾರಿಗೂ ನಡುವಿನ ಸಂದಿಗೆ ಬಲಗೈಯ ಬೆರಳು ತೂರಿಸಿ, ಸೋರುವಲ್ಲಿಗೆ ಎಣ್ಣೆಯ ಹಗ್ಗ ಸುತ್ತುತ್ತಿದ್ದರು. ನಾನು ಹಿಂದಿನಿಂದ ಅಂಗಿಯ ಕಾಲರು ಹಿಡಿದು ಎಳೆದೆ. ಇಬ್ಬರೂ ಬೆನ್ನಡಿಯಾಗಿ ಬಿದ್ದೆವು.

"ಎಂತ ಮೇಡಂ? ಎಂತ ಆಯ್ತು ನಿಮಗೆ?" ಎಂದು ಗಾಬರಿಯಾದರು.

ಅವರು ಎದ್ದು ಮುಂಡು ಸರಿಮಾಡಿಕೊಳ್ಳುವಷ್ಟರಲ್ಲಿ ಪೆಟ್ಟಿಗೆಯೊಳಗೆ ಟಕ್ ಎಂದಿತು. ಎಲ್ಲಿಯೋ ಒಂದು ನಲ್ಲಿಯನ್ನು ಯಾರೋ ತೆರೆದಿರಬೇಕು. ಮೋಟಾರು ಗುಂಯ್ ಎಂದು ತಿರುಗಿತು. ಅರ್ಧ ಸುತ್ತಿದ ಹಗ್ಗವನ್ನು ಒಳಗೆ ಎಳೆದುಕೊಂಡಿತು, ಅವರು ಅಲ್ಲೇ ಇಟ್ಟಿದ್ದ ಸ್ಪ್ಯಾನರು ಹಾರಿ ಗೋಡೆಗೆ ಬಡಿದು ಗಾರೆ ಉದುರಿತು.

ಕುಕ್ಕಪ್ಪಣ್ಣ ಸ್ವಲ್ಪ ಹೊತ್ತು ತಿರುಗುವ ಮೋಟಾರನ್ನೇ ನೋಡಿದರು. ಆಮೇಲೆ ಹೋಗಿ ಸ್ವಿಚ್ಚು ಇಳಿಸಿದರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

"ನಾನು ಇಲ್ಲೇ ಇದ್ದೆನಲ್ಲ ಮೇಡಂ. ಅದಕ್ಕೆ ಕಾಣಲಿಲ್ವಾ?"

"ಗಂಧ ಹಚ್ಚಿದ್ದೀರಿ ಕುಕ್ಕಪ್ಪಣ್ಣ. ಅದರ ಕಣ್ಣು ಮುಚ್ಚಿದೆ."

ತಲೆಯೆತ್ತಿ ಗೋಡೆ ನೋಡಿದರು. "ಇದಕ್ಕೆ ಸ್ವಲ್ಪ ಜಾಸ್ತಿಯೇ ಹಚ್ಚಿದ್ದು" ಎಂದರು ಸಣ್ಣ ಸ್ವರದಲ್ಲಿ. "ನನ್ನ ಜೀವ ಕಾಯುದು ಇದೇ ಅಲ್ವಾ ಅಂತ."

ನಾನು ಒದ್ದೆ ನೆಲದಲ್ಲೇ ಕೂತಿದ್ದೆ. ತಪ್ಪು ನನ್ನದು ಎಂದೆ. ಮೋಟಾರು ಸೆನ್ಸರನ್ನು ನಂಬುವ ಹಾಗೆ ಮಾಡಿದ್ದು ತಪ್ಪು, ಫ್ಯೂಸು ಬೇಡ ಎಂದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಅವರು ಬೇಡ ಬೇಡ ಎಂದು ತಲೆಯಾಡಿಸುತ್ತಲೇ ಇದ್ದರು. ಕೊನೆಗೆ ನನಗೆ ಸಿಟ್ಟೇ ಬಂತು.

"ಇನ್ನು ಮೇಲೆ ನಾನು ಹೇಳಿದ್ದನ್ನು ನಂಬಬೇಡಿ, ಗೊತ್ತಾಯ್ತಾ?"

ಕುಕ್ಕಪ್ಪಣ್ಣ ನನ್ನನ್ನು ಸಮಾಧಾನ ಮಾಡುವವರ ಹಾಗೆ ನಕ್ಕರು.

"ಅದು ಹೇಗೆ ಆಗುದು ಮೇಡಂ? ನೀವು ಕಲಿತವರು. ನೀವು ಹೇಳಿದ್ರೆ ನಾನು ನಂಬುದೇ."