ಸ್ಟೆಪ್ನಿ ಇಳಸ್ರಿ

ಹಾಲಿನಂಥ ಬಿಳಿ ಗೋಂದು, ಅದಕ್ಕೆ ಬಿಸಿ ರಬ್ಬರಿನ ವಾಸನೆ. ಜೊಯಿಡಾ ದಾರಿಯಲ್ಲಿ ಅಳಿಯನ ಹೊಸ ಗಾಡಿ ಪಂಕ್ಚರ್ ಆದ ದಿನ ಆ ವಾಸನೆ ನನ್ನ ಮೂಗಿಗೆ ಬಡಿಯಿತು. ಏಳು ಮಂದಿ ಕೂಡುವ ದೊಡ್ಡ ಗಾಡಿ. ಅಳಿಯ ಹಿಂದಿನ ಬಾಗಿಲು ತೆಗೆದು ಒಳಗಿನ ಹಾಸು ಎತ್ತಿದ. ಅಲ್ಲಿ ಗಾಲಿ ಇರಲಿಲ್ಲ. ಗಾಳಿ ಹೊಡೆಯುವ ಸಣ್ಣ ಮಷಿನ್ನು, ಒಂದು ಬಾಟಲಿ ಗೋಂದು, ಅಷ್ಟೇ.

"ಸ್ಟೆಪ್ನಿ ಎಲ್ಲೈತ್ರಿ?" ಎಂದಳು ಮಗಳು.

"ಈ ಗಾಡಿಗೆ ಸ್ಟೆಪ್ನಿ ಕೊಟ್ಟಿಲ್ಲ. ಗೋಂದು ಒಳಗ ಬಿಟ್ಟು ಗಾಳಿ ಹೊಡದ್ರ ಜೊಯಿಡಾ ತನಕ ಹೋಗತೈತಿ."

"ಇಷ್ಟು ರೊಕ್ಕಾ ತಗೊಂಡು ಒಂದು ಗಾಲಿ ಕೊಡಾಕ ಆಗಲಿಲ್ಲೇನ ಅವರಿಗೆ?" ಎಂದು ನಾನು ಬೈದೆ. ಸುತ್ತ ಕಾಡು, ಬಸ್ಸೇ ಅಪರೂಪದ ದಾರಿ. ಇನ್ನೂ ಬೈಯುವವಳಿದ್ದೆ. ಆದರೆ ಮಗಳು ಆಡಿದ ಆ ಮಾತು ಕಿವಿಯಲ್ಲೇ ನಿಂತಿತ್ತು. ಸ್ಟೆಪ್ನಿ... ಬಹಳ ವರ್ಷಗಳಿಂದ ನಾನು ಆ ಮಾತನ್ನು ಬಾಯಿಗೆ ತಂದವಳಲ್ಲ.

ನಾವು ದಾಂಡೇಲಿಗೆ ಬಂದದ್ದು ಧಾರವಾಡದ ಕಡೆಯ ಹಳ್ಳಿಯಿಂದ. ಗಂಡನಿಗೆ ಮಿಲ್ಲಿನಲ್ಲಿ ಗುತ್ತಿಗೆಯ ಕೆಲಸ. ನಾನು ಶಾಲೆಗೆ ಹೋದದ್ದು ಎರಡನೇ ಇಯತ್ತೆಯ ತನಕ. ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುತ್ತೇನೆ. ಓದಿ ಮುಗಿಸುವುದರೊಳಗೆ ಬಸ್ಸು ಹೋಗಿರುತ್ತದೆ. ಲೈನು ಎನ್ನುವ ಸಾಲುಮನೆಗಳಲ್ಲಿ ನಮ್ಮ ಪಕ್ಕದವನು ಡ್ರೈವರ್. ಎಂಟು ಮಂದಿ ಹಿಡಿಯುವ ಸ್ವಂತ ಗಾಡಿ ಇಟ್ಟಿದ್ದ. ಹೆಂಡಿರೂ ಇಬ್ಬರು. ಹಿರಿಯಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಕಿರಿಯಳು ಜೊಯಿಡಾದ ಕಾಡಿನೊಳಗಿನ ಹಳ್ಳಿಯವಳು, ಮನೆಮಾತು ಕೊಂಕಣಿ.

ನಾನು ಬಂದ ಹೊಸದರಲ್ಲಿ, ನಲ್ಲಿಯ ಹತ್ತಿರ ಹೆಂಗಸರು ಅವಳನ್ನು, "ಏ ಸ್ಟೆಪ್ನಿ, ಕೊಡ ಸರಸ" ಎಂದರು. ಅವಳು ನಗುತ್ತ ಸರಿಸಿದಳು. ಓಹೋ, ಇವಳ ಹೆಸರು ಸ್ಟೆಪ್ನಿ ಎಂದುಕೊಂಡೆ. ದವಾಖಾನೆಯಲ್ಲಿ ಸ್ಟೆಲ್ಲಾ ಎನ್ನುವ ನರ್ಸಬಾಯಿ ಇದ್ದಳು. ಇದೂ ಅಂಥದ್ದೇ ಕ್ರಿಶ್ಚನ್ನರ ಹೆಸರಿರಬೇಕು. ಹಾಗಾದರೆ ಹಣೆಗೆ ಕುಂಕುಮ ಯಾಕೆ ಹಚ್ಚುತ್ತಾಳೆ ಎಂದು ಒಮ್ಮೆ ಅನ್ನಿಸಿತು. ಮಂದಿಯ ಹೆಸರು ಮಂದಿಗೆ, ನನಗೇನು ಎಂದು ಬಿಟ್ಟೆ. ಎಲ್ಲರಂತೆ ಬರಿದೆ ಕರೆಯುವುದು ಸರಿ ಕಾಣಲಿಲ್ಲ. ಸ್ಟೆಪ್ನಿಬಾಯಿ ಎಂದು ಕರೆದೆ.

ಅವಳಿಗೂ ಅದು ಮರ್ಯಾದೆಯ ಮಾತೇ. ಲೈನಿಗೆ ಬಂದ ಮೊದಲಲ್ಲಿ ಗಂಡನನ್ನು ಕೇಳಿದ್ದಳಂತೆ, ಎಲ್ಲರೂ ನನ್ನನ್ನು ಸ್ಟೆಪ್ನಿ ಅಂತಾರಲ್ಲ, ಹಾಗಂದರೇನು ಎಂದು. "ನಿಮ್ಮ ಕೊಂಕಣ್ಯಾಗ ಇಲ್ಲ, ನಮ್ಮ ಮಾತಿನ್ಯಾಗ ಸಣ್ಣ ಯಜಮಾನತಿಗೆ ಹಂಗಂತಾರ" ಎಂದಿದ್ದನಂತೆ ಅವನು. ಅವಳು ಅದನ್ನು ನನಗೆ ಹೇಳುವಾಗ ಮುಖ ಅರಳಿತ್ತು. ಹಿಟ್ಟಿನ ಗಿರಣಿಗೆ ಹೋದರೆ, "ಡ್ರೈವರ್ ಮನಿ ಸ್ಟೆಪ್ನಿ ಬಂದೀನ್ರಿ, ಹಿಟ್ಟು ಕೊಡ್ರಿ" ಎನ್ನುವಳು. ಗಿರಣಿಯ ಗಂಡಸರೆಲ್ಲ ನಗುವರು. ಇವಳೂ ನಗುವಳು.

"ದಾಂಡೇಲಿ ಮಂದಿ ಭಾಳ ನಗಮುಖದವ್ರು ಬಾಯಿ" ಎಂದಿದ್ದಳು ಒಂದು ಸಲ.

ಗಟ್ಟಿ ಆಳು ಅವಳು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಓಡಾಡುತ್ತಿದ್ದಳು. ನನ್ನ ಮಗಳಿಗೆ ಜ್ವರ ಬಂದಾಗ ಯಾವುದೋ ಕಾಡಿನ ಬೇರು ಅರೆದು ತಂದಿದ್ದಳು; ನಾನು ಕುಡಿಸಲಿಲ್ಲ, ಅವಳು ಬೇಸರ ಮಾಡಿಕೊಳ್ಳಲೂ ಇಲ್ಲ. ಬೇಸರ ಇದ್ದದ್ದು ಒಂದಕ್ಕೇ. ಮದುವೆ, ಮುಂಜಿ, ಹಬ್ಬ ಎಂದರೆ ಅಕ್ಕ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಹೋಗುವರು. ಇವಳು ಮನೆ ಕಾಯಬೇಕು. ಅವಳಿಗೆ ಯಾರೂ ಒಂದು ದಿನವೂ ಉಡಿ ತುಂಬಿರಲಿಲ್ಲ.

ತೇರಗಾಂವದಲ್ಲಿ ಅಕ್ಕನ ಅಣ್ಣನ ಮಗಳ ಮದುವೆ ಬಂತು. ಏನು ಮನಸ್ಸಾಯಿತೋ, ಡ್ರೈವರ್ ಈ ಸಲ ಅವಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದ. ಅಕ್ಕ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಇವಳು ಮಾತ್ರ ನಮ್ಮ ಮನೆಗೆ ಓಡಿ ಬಂದಳು.

"ನಾಕು ಮಂದ್ಯಾಗ ಉಡಿ ತುಂಬಿದ್ರ ನಾನೂ ಆ ಮನಿ ಸೊಸಿ ಆದಂಗ ಅಲ್ಲೇನ್ರಿ ಬಾಯಿ?"

"ಆದಂಗ" ಎಂದೆ. ಖರೇನೇ ಹಾಗೆಂದುಕೊಂಡಿದ್ದೆ.

ಲೈನಿನ ಒಂದಿಷ್ಟು ಹೆಂಗಸರು, ನಾನು, ನನ್ನ ಮಗಳು ಎಲ್ಲ ಆ ಗಾಡಿಯಲ್ಲೇ ಹೊರಟೆವು. ಹಳಿಯಾಳ ದಾಟಿ ಕಬ್ಬಿನ ಹೊಲಗಳ ನಡುವೆ ಹೋಗುವಾಗ ಗಾಡಿ ಒಂದು ಮಗ್ಗುಲಿಗೆ ಎಳೆಯತೊಡಗಿತು. ಡ್ರೈವರ್ ಇಳಿದು ಹಿಂದಿನ ಗಾಲಿಗೆ ಒದ್ದ.

"ಹೋತು. ಎಲ್ಲಾರೂ ಇಳೀರಿ, ಜಾಕ್ ಹಚ್ಚಬೇಕು."

ನಾವೆಲ್ಲ ಇಳಿದೆವು. ಕಿರಿಯಳು ಕೊನೆಯ ಸೀಟಿನಲ್ಲಿ ಬುಂದೆ ಲಾಡುವಿನ ಬುಟ್ಟಿಗಳ ನಡುವೆ, ಹೊಸ ಸೀರೆ ಮುದುಡದ ಹಾಗೆ ಕೂತಿದ್ದವಳು, ಇನ್ನೂ ಒಳಗೇ ಇದ್ದಳು. ಎದುರಿನಿಂದ ಬಂದ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ ಕೈಜೋಡಿಸಲು ಬಂದ. ಆ ಗಾಡಿಗೆ ಇನ್ನೊಂದು ಗಾಲಿಯನ್ನು ಹಿಂದೆ, ಹೊಟ್ಟೆಯ ಕೆಳಗೆ, ಸರಪಳಿಯಿಂದ ಕಟ್ಟಿರುತ್ತಿದ್ದರು. ಸರಪಳಿ ಜಂಗು ಹಿಡಿದಿತ್ತು. ಡ್ರೈವರ್ ಗಾಡಿಯ ಕೆಳಗೆ ತೂರಿ, ಮಲಗಿಕೊಂಡೇ ಟ್ರ್ಯಾಕ್ಟರಿನವನಿಗೆ ಕೂಗಿದ, "ಸ್ಟೆಪ್ನಿ ಇಳಸ್ರಿ! ಲಗೂನ ಸ್ಟೆಪ್ನಿ ಇಳಸ್ರಿ!"

"ಇಳದ್ನಿರೀ, ಇಳದ್ನಿ!" ಎಂದು ಒಳಗಿನಿಂದ ಅವಳು ಕೂಗಿದಳು. ಬುಟ್ಟಿಯೊಂದನ್ನು ಬಗಲಲ್ಲಿ ಹಿಡಿದುಕೊಂಡೇ ಜಿಗಿದು ಗಾಲಿಯ ಹತ್ತಿರ ಬಂದು ನಿಂತಳು. "ಏನ್ ಮಾಡ್ಲಿ ಹೇಳ್ರಿ?"

ಟ್ರ್ಯಾಕ್ಟರಿನವನು ಅವಳನ್ನು ನೋಡಿದ, ನಮ್ಮನ್ನು ನೋಡಿದ. ಮೊದಲು ನಕ್ಕವನು ಗಾಡಿಯ ಕೆಳಗಿದ್ದ ಡ್ರೈವರೇ.

"ನೀ ಅಲ್ಲ ಹುಚ್ಚಿ, ಇದು!" ಎಂದು ತಲೆಯ ಮೇಲೆ ತೂಗುತ್ತಿದ್ದ ಗಾಲಿಗೆ ಬಡಿದ.

ಲೈನಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗೆ ಯಾಕೆಂದು ತಿಳಿಯಲಿಲ್ಲ. "ಡ್ರೈವರಣ್ಣಾ, ಗಾಲಿಗ್ಯಾಕ ಆಕಿ ಹೆಸರಿಟ್ಟೀರಿ?" ಎಂದು ಕೇಳಿದೆ. ಟ್ರ್ಯಾಕ್ಟರಿನವನು ನಕ್ಕು ನಕ್ಕು ರಸ್ತೆಯ ಬದಿಯಲ್ಲಿ ಕೂತೇಬಿಟ್ಟ.

ಅಕ್ಕ ಒಬ್ಬರು ನಗಲಿಲ್ಲ.

"ಗಾಲಿಗೆ ಆಕಿ ಹೆಸರಿಟ್ಟಿಲ್ಲ ತಂಗಿ, ಆಕಿಗೆ ಗಾಲಿ ಹೆಸರಿಟ್ಟಾರ. ಇರೂ ಗಾಲಿ ಹ್ವಾದ್ರ ಇರ್ಲಿ ಅಂತ ಒಂದನ್ನ ಕೆಳಗ ಕಟಗೊಂಡು ತಿರಗತಾರಲ್ಲ, ಅದು ಸ್ಟೆಪ್ನಿ. ಮನ್ಯಾಗ ಹೆಂಡ್ತಿ ಇದ್ದೂ ಇನ್ನೊಬ್ಬಾಕಿನ್ನ ತಂದಿಟಗೊಂಡ್ರ, ಆಕಿಗೂ ಮಂದಿ ಅದನ್ನ ಅಂತಾರ."

ದಿನಾ ಬೆಳಗಾದರೆ ಅವಳನ್ನು ಬಾಯಿತುಂಬ ಹಾಗೆಂದೇ ಕರೆದಿದ್ದೆ. ಮರ್ಯಾದೆಗೆಂದು ಹಿಂದೆ ಬಾಯಿ ಎಂದು ಬೇರೆ ಸೇರಿಸಿ... ಗಂಡನಾದವನು ಕಟ್ಟಿಕೊಂಡವಳಿಗೆ ಇಂಥದ್ದನ್ನು ಯಜಮಾನತಿ ಎಂದು ಹೇಳಿಕೊಡಬಹುದು ಎಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹೊಡೆಯುವ ಗಂಡಸರನ್ನು ಕಂಡಿದ್ದೆ, ಕುಡಿಯುವವರನ್ನು ಕಂಡಿದ್ದೆ. ಇದನ್ನು ಕಂಡಿರಲಿಲ್ಲ.

ಅವಳು ಅಳಲಿಲ್ಲ. ಬುಟ್ಟಿ ಕೆಳಗಿಟ್ಟು, ಬಗ್ಗಿ ಗಾಡಿಯ ಕೆಳಗೆ ನೋಡಿದಳು. ಅಷ್ಟರಲ್ಲಿ ಸರಪಳಿ ಬಿಚ್ಚಿ ಗಾಲಿ ಧೊಪ್ಪೆಂದು ಬಿತ್ತು. ಮೈಯೆಲ್ಲ ಕೆಸರು ಒಣಗಿದ ಸವಕಲು ಗಾಲಿ. ಡ್ರೈವರ್ ಅದನ್ನು ಎಳೆದು ಕಾಲಿನಿಂದ ಒತ್ತಿದ. ಮೆತ್ತಗೆ ಒಳಗೆ ಹೋಯಿತು.

"ಇದರಾಗೂ ಗಾಳಿ ಇಲ್ಲಲ್ಲೋ!"

"ಎಂದಾರ ಗಾಳಿ ಹಾಕ್ಸೀರೇನು? ಕಟಗೊಂಡ ಮ್ಯಾಲ ಒಮ್ಮೆರೆ ಬಗ್ಗಿ ನೋಡೀರೇನು?" ಎಂದರು ಅಕ್ಕ. ಅವನು ಜಾಕ್ ಹಚ್ಚಿದ. ಹೊಟ್ಟೆಯೊಡೆದ ಗಾಲಿಯನ್ನು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿಕೊಂಡು ಹಳಿಯಾಳಕ್ಕೆ ಹೋದ.

ನಾವು ಮರದ ಕೆಳಗೆ ಕೂತೆವು. ಅಕ್ಷತೆಯ ಹೊತ್ತು ಮೀರುತ್ತಿತ್ತು. ಈಗ ಯಾರಿಗೂ ನಗೆ ಇಲ್ಲ. ಅವಳೇ ಕೇಳಿದಳು.

"ಅಕ್ಕಾ, ನಿಮಗ ಗೊತ್ತಿತ್ತೇನ್ರಿ?"

"ಇಡೀ ಲೈನಿಗೆ ಗೊತ್ತಿತ್ತು."

"ಈ ಬಾಯಿಗೆ?"

"ಇಕಿ ದಡ್ಡಿ. ಇಕಿಗೆ ಗೊತ್ತಿರಲಿಲ್ಲ."

ಅವಳು ನನ್ನ ಮುಖ ನೋಡಿದಳು. ಖರೆಯೋ ಸುಳ್ಳೋ ಎಂದು ಹುಡುಕಿದಳೇನೋ...

ಡ್ರೈವರ್ ಬಂದು ಗಾಲಿ ಹಾಕಿ, ನಟ್ಟು ಬಿಗಿದು, "ಹತ್ರಿ, ಹತ್ರಿ" ಎಂದು ಗಡಿಬಿಡಿ ಮಾಡಿದ. ಎಲ್ಲರೂ ಹತ್ತಿದರು, ಅವಳು ನಿಂತೇ ಇದ್ದಳು. "ಏ ಸ್ಟೆ..." ಎಂದವನು ಅರ್ಧಕ್ಕೆ ನಿಂತ. ಹೆಂಡತಿಯ ಹೆಸರು ಅವನಿಗೆ ಗೊತ್ತಿರಲೇಬೇಕು. ನಾಲಗೆಗೆ ಬರಲಿಲ್ಲ.

"ಗಾಲಿ ಹಾಕಿದ್ರಲ್ರಿ" ಎಂದಳು ಅವಳು. "ಇನ್ನ ನಾ ಯಾಕ?"

ಲಾಡುವಿನ ಬುಟ್ಟಿಯನ್ನು ಸೀಟಿನ ಮೇಲಿಟ್ಟು, ಹಳಿಯಾಳದ ಕಡೆ ಮುಖ ಮಾಡಿ ನಡೆದಳು. ನಾನು ಇಳಿದು ಹಿಂದೆ ಓಡಿದೆ. ಏನೆಂದು ಕರೆಯುವುದು? "ಏ... ಏ ನಿಲ್ಲವಾ" ಎಂದು ಕೂಗಿ, ಹತ್ತಿರ ಹೋಗಿ ಕೈ ಹಿಡಿದೆ.

"ನಿನ್ನ ಖರೇ ಹೆಸರೇನು?"

"ನಲ್ಲಿ ಹತ್ರ ಒಂದಿನಾನೂ ಕೇಳಲಿಲ್ಲ ಬಾಯಿ. ಈಗ್ಯಾಕ?"

ಸಿಟ್ಟಿನಿಂದ ಹೇಳಲಿಲ್ಲ. ಕೈ ಬಿಡಿಸಿಕೊಂಡು ಹೋದಳು. ಹಿಂದೆ ಡ್ರೈವರ್ ಹಾರ್ನ್ ಒತ್ತುತ್ತಿದ್ದ.

ನಾವು ತೇರಗಾಂವ ಮುಟ್ಟಿದಾಗ ಅಕ್ಷತೆ ಮುಗಿದಿತ್ತು. ಊಟವಾದ ಮೇಲೆ ಮುತ್ತೈದೆಯರಿಗೆ ಉಡಿ ತುಂಬತೊಡಗಿದರು. ಅಕ್ಕನ ಪಾಳಿ ಬಂತು. ಅವರು ಸೆರಗು ಒಡ್ಡಲಿಲ್ಲ. "ಇವತ್ತು ಬ್ಯಾಡ" ಎಂದು ಕೈ ಮುಗಿದು ಎದ್ದುಬಿಟ್ಟರು. ತವರುಮನೆಯ ಮದುವೆಯಲ್ಲಿ ಉಡಿ ಬೇಡ ಎನ್ನುವುದೆಂದರೆ! ಅವರ ಅತ್ತಿಗೆ ಅಕ್ಕಿಯ ಬುಟ್ಟಿ ಹಿಡಿದುಕೊಂಡು ಹಾಗೇ ನಿಂತಿದ್ದಳು.

ಮದುವೆ ಮುಗಿದ ಮೇಲೆ ಡ್ರೈವರ್ ಕಿರಿಯಳನ್ನು ಹುಡುಕಿಕೊಂಡು ಹೋಗಿದ್ದ. ತವರಿಗೆ ಬಂದಿಲ್ಲ ಎಂದರಂತೆ. ಗೋವಾದಲ್ಲಿ ಯಾರದೋ ಮನೆಗೆಲಸಕ್ಕೆ ಇದ್ದಾಳೆ ಎಂದು ಒಬ್ಬರು, ಮುಂಡಗೋಡದಲ್ಲಿ ಕಂಡೆ ಎಂದು ಇನ್ನೊಬ್ಬರು... ಆಮೇಲೆ ಆ ಮಾತೂ ನಿಂತಿತು. ಈಗ ಡ್ರೈವರ್ ಇಲ್ಲ, ಅಕ್ಕನೂ ಇಲ್ಲ.

ಅಳಿಯ ಗಾಳಿ ಹೊಡೆದ ಮೇಲೆ ಗಾಡಿ ಹೇಗೋ ಜೊಯಿಡಾ ಮುಟ್ಟಿತು. ಪಂಕ್ಚರ್ ಅಂಗಡಿಯ ಮುದುಕ ಸಾಹೇಬರು ಗಾಲಿ ಬಿಚ್ಚಿ, ಒಳಗಿನ ಗೋಂದನ್ನು ಶಾಪ ಹಾಕುತ್ತ ಕೆರೆಯುತ್ತಿದ್ದರು. ವಯಸ್ಸಾದವರು, ಸುತ್ತಲ ಊರೆಲ್ಲ ಗೊತ್ತಿದ್ದೀತು ಎಂದು ಹತ್ತಿರ ಹೋದೆ. ಈ ಕಡೆಯ ಹಳ್ಳಿಯವಳು, ಕೊಂಕಣಿ ಮಾತಿನವಳು, ದಾಂಡೇಲಿಯ ಡ್ರೈವರನ ಹತ್ತಿರ ಇದ್ದಳು, ಬಿಟ್ಟು ಬಂದಳು, ಬದುಕಿದ್ದರೆ ನನ್ನ ವಯಸ್ಸಿನವಳೇ ಎಂದೆಲ್ಲ ಹೇಳಿದೆ. ಅವರು ಕೈ ಒರೆಸಿಕೊಂಡು ಯೋಚನೆ ಮಾಡಿದರು.

"ಹೆಸರೇನ್ರಿ ಅಮ್ಮಾ ಅವರ್ದು?"

ಬಾಯಿಗೆ ಬಂದದ್ದು ಒಂದೇ ಮಾತು. ಅದನ್ನು ನುಂಗಿ, ಗೊತ್ತಿಲ್ಲ ಎಂದೆ.