ಮಣ್ಣಿನ ರುಚಿ ಬಲ್ಲ ಕದಿರಪ್ಪ

ನನ್ನ ಸೋದರಮಾವ ಕದಿರಪ್ಪನಿಗೆ ಮಣ್ಣಿನ ರುಚಿ ಗೊತ್ತಿತ್ತು. ನಮ್ಮವನೆಂದು ಹೊಗಳುತ್ತಿಲ್ಲ, ಕ್ಯಾಸಂಬಳ್ಳಿಯಿಂದ ಬೇತಮಂಗಲದವರೆಗೆ ಯಾರನ್ನು ಕೇಳಿದರೂ ಇದೇ ಮಾತು ಹೇಳುತ್ತಾರೆ. ಹೊಸದಾಗಿ ಹೊಲ ಕೊಂಡವರು, ಬೀಳು ಬಿದ್ದ ನೆಲವನ್ನು ಮತ್ತೆ ಹಸನು ಮಾಡಲು ಹೊರಟವರು ಮೊದಲು ಅವನನ್ನು ಕರೆಸುತ್ತಿದ್ದರು. ಅವನು ಹೊಲವನ್ನು ಒಂದು ಸುತ್ತು ಹಾಕಿ, ಗೇಣುದ್ದ ಕೆದಕಿ, ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದ. ಕೂಲಿ ಎಂದು ಏನನ್ನೂ ಮುಟ್ಟುತ್ತಿರಲಿಲ್ಲ, ಒಂದು ಹೊತ್ತಿನ ಮುದ್ದೆ ಊಟ ಹಾಕಿದರೆ ಸಾಕು.

ಕಣ್ಣು ಮುಚ್ಚಿದ ಮೇಲೆ ಅವನು ಅಲ್ಲಿರುತ್ತಿರಲಿಲ್ಲ. ಪಂಚೆಯ ಅಂಚು ಗಾಳಿಗೆ ಅಲ್ಲಾಡುತ್ತಿತ್ತು, ಆಳು ಮಾತ್ರ ಎಲ್ಲೋ ಹೋಗಿಬಿಟ್ಟಿರುತ್ತಿದ್ದ. ಸುತ್ತ ನಿಂತವರು ಕೆಮ್ಮನ್ನೂ ತಡೆದುಕೊಂಡು ಕಾಯುತ್ತಿದ್ದರು. ಒಮ್ಮೆ ಹೀಗೇ ಹೋಗಿ ಬಂದವನು, ಇಲ್ಲಿ ಹಿಂದೆ ಹುಣಿಸೆ ಮರ ಇತ್ತು, ಬೇರಿನ ಹುಳಿ ಇನ್ನೂ ಉಳಿದಿದೆ ಎಂದ. ಬದುವಿನ ಮೇಲೆ ಕೂತಿದ್ದ ಆ ಮನೆಯ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಆ ಮರದ ಉಯ್ಯಾಲೆಯಲ್ಲಿ ಅವಳು ಚಿಕ್ಕವಳಿದ್ದಾಗ ಆಡಿದ್ದಳಂತೆ. ನಾನೂ ಕದ್ದು ಮಣ್ಣು ತಿಂದು ನೋಡಿದ್ದೇನೆ. ಹಲ್ಲಿಗೆ ಕಲ್ಲು ಸಿಕ್ಕಿತೇ ಹೊರತು ಮರ ಸಿಗಲಿಲ್ಲ.

ನಮ್ಮೂರು ಕೋರಮಂಡಲ್ ಚಿನ್ನದ ಗಣಿಯ ಬೆನ್ನಿಗಿದೆ. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಚಿನ್ನ ತೆಗೆದುಕೊಂಡವರು ಚಿನ್ನದ ಜೊತೆ ಹೋದರು, ಉಳಿದ ಪುಡಿ ಗುಡ್ಡವಾಗಿ ನಮ್ಮ ಪಾಲಿಗೆ ಬಂತು. ಚಿನ್ನ ಬಿಡಿಸಲು ಸೈನೈಡ್ ಸುರಿದ ಪುಡಿ, ಅದಕ್ಕೇ ಸೈನೈಡ್ ದಿಬ್ಬ ಎನ್ನುತ್ತೇವೆ. ಆಷಾಢದ ಗಾಳಿಗೆ ಅದರ ನೆತ್ತಿಯಿಂದ ಬೆಳ್ಳನೆಯ ಧೂಳು ಎದ್ದು, ಸದ್ದಿಲ್ಲದೆ ಇಳಿದು ಬರುತ್ತದೆ. ಆಗ ಊರು ಯಾರದೋ ನಿದ್ದೆಯಲ್ಲಿ ಕಂಡ ಊರಿನ ಹಾಗೆ ಮಸುಕಾಗುತ್ತದೆ. ಹಸುಗಳ ಕೊಂಬು ಮಾತ್ರ ತೇಲುತ್ತವೆ, ಎದುರಿಗೆ ಬರುವವರ ಮುಖಕ್ಕಿಂತ ಮೊದಲು ದನಿ ಬರುತ್ತದೆ. ನಿಜ ಹೇಳಬೇಕೆಂದರೆ ನನಗೆ ಆ ಹೊತ್ತು ಇಷ್ಟ. ನಮ್ಮಮ್ಮ ಸೆರಗು ಕೊಡವಿಕೊಳ್ಳುತ್ತಾಳೆ, ನಾನು ಗಾಡಿಯ ಸೀಟು ಒರೆಸಿ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಡುತ್ತೇನೆ. ಹುಟ್ಟಿದಾಗಿನಿಂದ ಕಂಡದ್ದಕ್ಕೆ ಯಾರು ಹೆದರುತ್ತಾರೆ?

ನಾಲ್ಕು ವರ್ಷದ ಹಿಂದೆ ಬೇಸಿಗೆಯಲ್ಲಿ ಊರ ಕೆಳಗಿನ ಕುಂಟೆ, ಅಂದರೆ ಚಿಕ್ಕ ಕೆರೆ, ಒಣಗಿತು. ಕುಂಟೆ ಒಣಗಿದರೆ ತಳದ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯುವುದು ನಮ್ಮ ಕಡೆ ಅಜ್ಜನ ಕಾಲದ ಪದ್ಧತಿ. ಗೋಡು ಬಿದ್ದ ಹೊಲಕ್ಕೆ ಎರಡು ವರ್ಷ ಗೊಬ್ಬರ ಬೇಡ ಎನ್ನುತ್ತಾರೆ. ಆ ಸಲದ ಗೋಡು ಬೂದಿ ಬಣ್ಣಕ್ಕಿತ್ತು, ಹಿಟ್ಟಿನಷ್ಟು ನುಣ್ಣಗಿತ್ತು. ದಿಬ್ಬದ ಮಳೆನೀರೂ ಅಲ್ಲಿಗೇ ಹರಿಯುತ್ತದಲ್ಲ ಎಂದು ಒಬ್ಬಿಬ್ಬರು ಅನುಮಾನಿಸಿದರು. ಹಾಗಾದರೆ ಕದಿರಪ್ಪನನ್ನೇ ಕೇಳೋಣ ಎಂದಾಯಿತು. ಮಾವ ಕುಂಟೆಯ ನಡುವೆ ನಿಂತು ಚಿಟಿಕೆ ಮಣ್ಣು ಬಾಯಿಗಿಟ್ಟ. ಬಹಳ ಹೊತ್ತು ಕಣ್ಣು ಬಿಡಲಿಲ್ಲ. ಬಿಟ್ಟ ಮೇಲೆ, ತಂಪಾಗಿದೆ, ಸಿಹಿಯಾಗಿದೆ, ಹೊಡೆಯಿರಿ ಎಂದ. ಮಾರನೆಯ ದಿನವೇ ಟ್ರ್ಯಾಕ್ಟರುಗಳು ಇಳಿದವು.

ಎಲ್ಲರಿಗಿಂತ ಹೆಚ್ಚು ಹೊಡೆಸಿದವಳು ಅವನ ತಂಗಿ, ಅಂದರೆ ನಮ್ಮಮ್ಮ ಮುನಿಶಾಮಮ್ಮ. ಅಪ್ಪ ತೀರಿದ ಮೇಲೆ ಅರ್ಧ ಎಕರೆಯಲ್ಲಿ ದಂಟು, ಪಾಲಕ್, ಕೊತ್ತಂಬರಿ ಬೆಳೆದು ಬಂಗಾರಪೇಟೆ ಸಂತೆಗೆ ಹೊತ್ತು ನಮ್ಮನ್ನು ಸಾಕಿದವಳು ಅವಳು. ಗೋಡು ಬಿದ್ದ ಮೇಲೆ ಸೊಪ್ಪಿಗೆ ಒಂದು ಹುಳು ಬರಲಿಲ್ಲ, ಎಲೆಗೆ ಒಂದು ತೂತು ಬೀಳಲಿಲ್ಲ. ಗಿಡ ಸ್ವಲ್ಪ ಗಿಡ್ಡವಾದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುನಿಶಾಮಮ್ಮನ ಸೊಪ್ಪು ಎಂದರೆ ಕಣ್ಣು ಮುಚ್ಚಿ ಕೊಳ್ಳಬಹುದು ಎಂದು ಸಂತೆಯವರು ಹೇಳಿದರೆ ನಮ್ಮಮ್ಮ ನೆಲ ಕಾಣದೆ ನಡೆಯುತ್ತಿದ್ದಳು. ನನ್ನ ಮಗಳು ಮೀನಾಳಿಗೆ ಹಲ್ಲು ಬಂದಂದಿನಿಂದ ದಿನವೂ ಆ ದಂಟಿನ ಸೊಪ್ಪನ್ನೇ ಬೇಯಿಸಿ, ಹಿಸುಕಿ, ಮುದ್ದೆಯಲ್ಲಿ ಕಲಸಿ ಉಣಿಸುತ್ತಿದ್ದಳು.

ಹೋದ ಮಳೆಗಾಲದಲ್ಲಿ ವನಿತಾ ಎಂಬ ಹುಡುಗಿ ಬಂದಳು. ಕೃಷಿ ಕಾಲೇಜಿನಲ್ಲಿ ಮಣ್ಣಿನ ಬಗ್ಗೆ ಓದುತ್ತಿದ್ದವಳು. ನಮ್ಮ ಹೊಲದಲ್ಲಿ ಮೊಳ ಅಗಲದ ಗುಂಡಿ ತೋಡಿ, ಮಣ್ಣನ್ನು ಗೋಣಿಯ ಮೇಲೆ ಹರಡಿ ಎರೆಹುಳು ಹುಡುಕಿದಳು. ಒಂದೂ ಸಿಗಲಿಲ್ಲ. ಬದುವಿನಾಚೆ ಗೋಡು ಹೊಡೆಯದ ಹೊಲದಲ್ಲಿ ಹದಿನಾಲ್ಕು ಸಿಕ್ಕವು. ಮಣ್ಣು, ಸೊಪ್ಪು ಎರಡನ್ನೂ ಚೀಲಕ್ಕೆ ತುಂಬಿಕೊಂಡು ಹೋದಳು.

ಎರಡು ತಿಂಗಳ ಮೇಲೆ ಕಾಗದ ತಂದಳು. ಮಣ್ಣಿನಲ್ಲಿ ಸೀಸ, ಆರ್ಸೆನಿಕ್ ಎಂಬ ಪಾಷಾಣ ಎರಡೂ ಇವೆ, ಸೊಪ್ಪು ಅವನ್ನು ಬೇರಿನಿಂದ ಎಲೆಗೆ ಎಳೆದುಕೊಂಡಿದೆ, ದೊಡ್ಡವರಿಗಿಂತ ಮಕ್ಕಳಿಗೆ ಕೇಡು ಹೆಚ್ಚು, ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ ಎಂದು ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದಳು. ನನ್ನ ಹೆಂಡತಿ ಅರ್ಚನ ಮಗುವನ್ನು ಸೊಂಟಕ್ಕೆತ್ತಿಕೊಂಡು ಒಳಗೆ ಹೋದಳು. ನಾನು ಆ ಕಾಗದವನ್ನು ಇಸಿದುಕೊಂಡೆ. ನಮ್ಮಮ್ಮ ಮಾತ್ರ ನಕ್ಕಳು. ಪಾಷಾಣವಾದರೆ ನಾವು ಇಷ್ಟು ಹೊತ್ತಿಗೆ ಸಾಯಬೇಕಿತ್ತಲ್ಲ ಎಂದಳು. ವನಿತಾ ಏನೋ ಹೇಳಲು ಹೋದರೆ, "ನಮ್ಮಣ್ಣ ನಾಲ್ಗೆ ಇಟ್ಟು ನೋಡವ್ನೆ ಕಣಮ್ಮ. ನಿನ್ ಕಾಗ್ದಕ್ಕೆ ನಾಲ್ಗೆ ಐತಾ?" ಎಂದು ಕುಕ್ಕೆ ಎತ್ತಿಕೊಂಡು ಹೊರಟೇಹೋದಳು.

ನಾನು ಕೂಗಾಡಿದೆ, ಅರ್ಚನ ಅತ್ತಳು. ನಮ್ಮಮ್ಮನದು ಮೊದಲೇ ಹಿಡಿದದ್ದು ಬಿಡದ ಹಟ. ಹೆಣ್ಣುಮಗಳು ತವರಿನ ಮಾತನ್ನು ಬಿಡುತ್ತಾಳೆಯೇ? ನಾವು ಬೇಡವೆಂದಷ್ಟೂ ಮೊಮ್ಮಗಳಿಗೆ ಮರೆಯಲ್ಲಿ ಉಣಿಸತೊಡಗಿದಳು. ಅವಳನ್ನು ತಡೆಯಬಲ್ಲವನು ಒಬ್ಬನೇ. ಅವನು ತಡೆಯಬೇಕಾದರೆ ತನ್ನ ನಾಲಿಗೆಯನ್ನು ತಾನೇ ಸುಳ್ಳೆನ್ನಬೇಕು. ಎಪ್ಪತ್ತು ವರ್ಷದ ಆ ಮನುಷ್ಯನಿಗೆ ಅದು ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ.

ನಾನು ಹೋಗಿ ವನಿತಾ ಹೇಳಿದ್ದನ್ನೆಲ್ಲ ಮಾವನಿಗೆ ಹೇಳಿ ಕಾಗದ ಕೊಟ್ಟೆ. ಮಾವನಿಗೆ ಓದು ಬಾರದು. ಆದರೂ ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ದಿಬ್ಬದ ಕಡೆ ನೋಡುತ್ತ ಕೂತ. ಆಮೇಲೆ ಕೇಳದೆಯೇ ಹೇಳಿದ: "ಓದ್ ವರ್ಸಾನೇ ಕಂಡೆ ಕಣ್ಲಾ. ಟಿಲ್ಲರ್ ಒಡೀವಾಗ ಉಳ ಆಯಕ್ಕೆ ಬೆಳ್ಳಕ್ಕಿ ಎಲ್ಲಾ ಬದಿನಾಚೆ ಇಳೀತಿದ್ವು. ನಿಮ್ಮೊಲಕ್ಕೆ ಒಂದೂ ಇಳೀಲಿಲ್ಲ. ಬಾಯ್ ಮುಚ್ಕೊಂಡಿದ್ದೆ." ನನಗೆ ಸಿಟ್ಟು ನೆತ್ತಿಗೇರಿತು. ಒಂದು ವರ್ಷ, ನನ್ನ ಮಗಳ ಒಂದು ಇಡೀ ವರ್ಷ. ಕಾಗದವನ್ನು ಅವನ ಮಡಿಲಲ್ಲೇ ಬಿಟ್ಟು ಎದ್ದುಬಂದೆ.

ಮರುದಿನ ಬೆಳಿಗ್ಗೆ ಅವನು ನೇರ ನಮ್ಮ ಹೊಲಕ್ಕೆ ಬಂದ. ನಮ್ಮಮ್ಮ ಸಂತೆಗೆಂದು ಸೊಪ್ಪು ಕೀಳುತ್ತಿದ್ದಳು. ಗಾಳಿ ಎದ್ದಿತ್ತು, ದಿಬ್ಬದ ಧೂಳು ಸಾಲುಗಳ ಮೇಲೆ ನಿಧಾನಕ್ಕೆ ಇಳಿಯುತ್ತಿತ್ತು. ಅಣ್ಣ ತಂಗಿ ಇಬ್ಬರೂ ಆ ಬಿಳುಪಿನಲ್ಲಿ ಎದುರುಬದುರು ನಿಂತರು. ಈ ಸೊಪ್ಪು ಬೇಡ ಎಂದು ಮಾವ ಹೇಳಿದ. ಅವಳು ಬಗ್ಗಿ ಚಿಟಿಕೆ ಮಣ್ಣು ತೆಗೆದು ಅವನ ಮುಂದೆ ಹಿಡಿದಳು. ನೋಡಿ ಹೇಳು ಎಂದಳು.

ಮಾವ ಅದನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದ. ನಾನು ಅವನನ್ನೇ ನೋಡುತ್ತಿದ್ದೆ. ಸುಳ್ಳು ಹೇಳು ಮಾವ, ಕಹಿ ಎಂದುಬಿಡು, ವಿಷ ಎಂದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಇವತ್ತೂ ಸಿಹಿಯಾಗೇ ಐತೆ ಅಮ್ಮಣ್ಣಿ," ಎಂದ. ಕಣ್ಣಂಚಿನಲ್ಲಿ ನೀರಿತ್ತು. "ಇದು ನನ್ ನಾಲ್ಗೆಗೆ ಕಾಣಲ್ಲ. ಉಳಕ್ಕೆ ಕಾಣ್ತು, ಬೆಳ್ಳಕ್ಕಿಗೆ ಕಾಣ್ತು, ನಂಗೆ ಕಾಣ್ಲಿಲ್ಲ. ಕಿತ್ತಾಕು ತಾಯಿ."

ನಮ್ಮಮ್ಮ ಅಲ್ಲೇ ಸಾಲಿನ ಮೇಲೆ ಕುಸಿದು ಕೂತಳು. ಕುಕ್ಕೆಯಲ್ಲಿದ್ದ ಸೊಪ್ಪನ್ನು ಒಂದೊಂದೇ ಹಿಡಿ ತೆಗೆದು ನೆಲಕ್ಕೆ ಹಾಕಿದಳು. ಹಸುವಿಗೂ ಹಾಕುವಂತಿಲ್ಲ ಎಂದು ನಾನು ಗುಂಡಿ ತೋಡಲು ಹಾರೆ ತಂದೆ. ಆಗ ಅವಳು ತಲೆಯೆತ್ತಿ ಅಣ್ಣನನ್ನು ಕೇಳಿದಳು: "ನಿನ್ ಮಾತ್ ಕೇಳಿ ಈ ಗೋಡು ಇನ್ನೂ ಯಾರ್ಯಾರ್ ಒಡ್ಸವ್ರೆ?"

ಮಾವ ಹನ್ನೊಂದು ಮನೆಗಳ ಹೆಸರು ಹೇಳಿದ. ಕೊನೆಯ ಹೆಸರು ಹೇಳುವ ಹೊತ್ತಿಗೆ ಎದ್ದು ನಡೆಯುತ್ತಿದ್ದ. ಗಾಡಿಯಲ್ಲಿ ಬಿಡುತ್ತೇನೆಂದರೆ ಕೇಳಲಿಲ್ಲ. ನಾನು ಹಾರೆ ಬಿಸುಟು ಅವನ ಹಿಂದೆಯೇ ಹೋದೆ.

ಮೊದಲ ಮನೆ ಚಿಕ್ಕಮುನಿಯಪ್ಪನದು. ಮನೆಮಂದಿಯೆಲ್ಲ ಆಗಷ್ಟೇ ಊಟಕ್ಕೆ ಕೂತಿದ್ದರು. ಚಿಕ್ಕಮುನಿಯಪ್ಪ ಬಾಗಿಲಲ್ಲಿ ಮಾವನನ್ನು ಕಂಡು, ಬಾ ಬಾ, ಒಳ್ಳೆಯ ಹೊತ್ತಿಗೆ ಬಂದೆ, ನೀನು ಹೇಳಿದ ಗೋಡಿನಲ್ಲಿ ಬೆಳೆದ ಸೊಪ್ಪಿನ ಸಾರೇ ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಸೊಸೆ ಇನ್ನೊಂದು ತಟ್ಟೆ ತಂದಿಟ್ಟು ಮುದ್ದೆ ಹಾಕಿದಳು. ಮಾವ ಚಪ್ಪಲಿ ಬಿಟ್ಟು ಒಳಗೆ ಹೋಗಿ ಆ ತಟ್ಟೆಯ ಮುಂದೆ ಕೂತ.

"ಎಲ್ರೂ ತಟ್ಟೆಯಿಂದ ಕೈ ತೆಗೀರಪ್ಪ," ಎಂದ. "ತಪ್ಪು ನಂದು."